ಹೆಸರಿಲ್ಲದ ಮುಖಕ್ಕೊಂದು ಮೇಜು

ನಮ್ಮ ಸೋದರತ್ತೆ ಹಾಸನದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಆಪರೇಟರ್ ಆಗಿದ್ದವರು. ಎಸ್‌ಟಿಡಿ ಬರುವುದಕ್ಕೆ ಮುಂಚಿನ ಮಾತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಕರೆಗಳಲ್ಲೂ ಆಗ ಜಾತಿಗಳಿದ್ದವು. ಇಂಥ ಆಸಾಮಿಯೇ ಫೋನಿಗೆ ಬರಬೇಕು ಎಂದರೆ ಪಿ.ಪಿ. ಕಾಲ್. ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು, ಬೋರ್ಡಿನ ತೂತುಗಳಿಗೆ ಒಂದಾದ ಮೇಲೊಂದು ಕಾರ್ಡ್ ಎಂಬ ತಂತಿ ಚುಚ್ಚುತ್ತ ಅವರು ಕೂತಿರುತ್ತಿದ್ದರೆ, ಆಲೂಗಡ್ಡೆ ಲಾರಿಯ ಲೆಕ್ಕದಿಂದ ಹಿಡಿದು ಮುರಿದುಬಿದ್ದ ಮದುವೆಯ ಮಾತುಕತೆಯವರೆಗೆ ಊರಿನ ಅರ್ಧ ಸಂಗತಿ ಅವರ ಕಿವಿಯ ಮೇಲೆಯೇ ಹಾದುಹೋಗುತ್ತಿತ್ತು. ಮನೆಗೆ ಬಂದು ಒಂದಕ್ಷರ ಬಾಯಿ ಬಿಟ್ಟವರಲ್ಲ. ಅಮ್ಮ ಎಷ್ಟು ಕೆದಕಿದರೂ ಒಂದೇ ಉತ್ತರ: "ಬೋರ್ಡಿನಲ್ಲಿ ಕೇಳಿದ್ದು ಬೋರ್ಡಿನಲ್ಲೇ ಇರಲಿ ಅತ್ತಿಗೆ."

ಮೊಣಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಅವರು ಮೂರು ವಾರ ನಮ್ಮ ಮನೆಯಲ್ಲಿದ್ದರು. ಆಗ ನಾನು ರಾತ್ರಿ ಊಟವಾದ ಮೇಲೆ ಮಾರ್ವೆಲ್ ಕಾಮಿಕ್ಸಿನ ಬೇಹುಗಾರ್ತಿ ಪೆಗ್ಗಿ ಕಾರ್ಟರ್‌ಳ ಧಾರಾವಾಹಿಯನ್ನು ಎರಡನೆಯ ಸಲ ನೋಡುತ್ತಿದ್ದೆ. ಇದು ಆ ಪೆಗ್ಗಿಯ ಬಗ್ಗೆ ಬರೆದದ್ದು. ಅತ್ತೆ ಕೊನೆಗೆ ಮತ್ತೆ ಬರುತ್ತಾರೆ.

ಪೆಗ್ಗಿ ಹುಟ್ಟಿದ್ದು 1966ರ ಮಾರ್ಚ್ ತಿಂಗಳ ಅಂಕಿ ಹೊತ್ತ ಒಂದು ಕಾಮಿಕ್ ಪುಸ್ತಕದಲ್ಲಿ. 'ಟೇಲ್ಸ್ ಆಫ್ ಸಸ್ಪೆನ್ಸ್', 75ನೇ ಸಂಚಿಕೆ, ಬೆಲೆ 12 ಸೆಂಟ್. ಅರ್ಧ ಪುಸ್ತಕ ಐರನ್ ಮ್ಯಾನ್‌ಗೆ, ಉಳಿದರ್ಧ ಕ್ಯಾಪ್ಟನ್ ಅಮೆರಿಕಕ್ಕೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ ಮಂಜುಗಡ್ಡೆಯೊಳಗೆ ಹುದುಗಿಹೋಗಿ, ವಯಸ್ಸೇ ಆಗದೆ 1964ರಲ್ಲಿ ಕಣ್ಣು ಬಿಟ್ಟ ಸ್ಟೀವ್ ರೋಜರ್ಸ್, ಅಂದರೆ ಕ್ಯಾಪ್ಟನ್ ಅಮೆರಿಕ, ಈ ಕತೆಯಲ್ಲಿ ನ್ಯೂಯಾರ್ಕಿನ ಬೀದಿಯಲ್ಲಿ ನಡೆದುಹೋಗುತ್ತಿರುತ್ತಾನೆ. ಎದುರಿಗೆ ಒಬ್ಬ ಯುವತಿ. ಅವಳ ಮುಖ ಕಂಡು ಅವನಿಗೆ ಎದೆ ಧಸಕ್ಕೆನ್ನುತ್ತದೆ. ಯುದ್ಧದ ದಿನಗಳಲ್ಲಿ ತಾನು ಪ್ರೀತಿಸಿದವಳ ಮುಖವೇ ಅದು. ಆದರೆ ಅವಳಲ್ಲ, ಅವಳಾಗಿರಲು ಸಾಧ್ಯವಿಲ್ಲ.

ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಒಂದೇ ಸಂಚಿಕೆಯಲ್ಲಿ ಇಬ್ಬರು ಹೆಂಗಸರನ್ನು ಹೀಗೆ ಹುಟ್ಟಿಸಿದರು. ಬೀದಿಯಲ್ಲಿ ನಡೆದುಬಂದವಳು ಶರನ್ ಕಾರ್ಟರ್. ನೆನಪಿನಲ್ಲಿ ಬಂದುಹೋದವಳು ಪೆಗ್ಗಿ. ನೆನಪಿನವಳಿಗೆ ಆ ಸಂಚಿಕೆಯಲ್ಲಿ ಹೆಸರೂ ಇಲ್ಲ. ಇನ್ನೊಬ್ಬಳ ಮುಖದಲ್ಲಿ ಹೊಳೆದು ಮಾಯವಾದ ಹೋಲಿಕೆ, ಅಷ್ಟೇ ಅವಳ ಪಾತ್ರ. ಮುಂದೆ ಅರವತ್ತು ವರ್ಷ ನಡೆದದ್ದನ್ನೆಲ್ಲ ನೋಡುವಾಗ ನಾನು ಈ ಹುಟ್ಟನ್ನು ಮರೆಯುವುದಿಲ್ಲ. ತನ್ನದೇ ಕತೆಯಲ್ಲಿ ಹುಟ್ಟಿದವಳಲ್ಲ ಇವಳು. ಒಬ್ಬ ಗಂಡಸಿನ ನಿಟ್ಟುಸಿರಿನಲ್ಲಿ ಹುಟ್ಟಿದವಳು.

ಎರಡು ತಿಂಗಳಾದ ಮೇಲೆ, 77ನೇ ಸಂಚಿಕೆಯಲ್ಲಿ, ಆ ನೆನಪು ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ಅವಳು ಫ್ರಾನ್ಸಿನಲ್ಲಿ ನಾಜಿಗಳ ವಿರುದ್ಧ ಗುಟ್ಟಾಗಿ ಹೋರಾಡಿದ ಪ್ರತಿರೋಧ ಪಡೆಯವಳು. ಸ್ಟೀವ್ ಜೊತೆ ಪ್ರೇಮ. ಆಮೇಲೆ ಹತ್ತಿರದಲ್ಲೇ ಒಂದು ಶೆಲ್ ಸಿಡಿದು ಅವಳ ನೆನಪಿನ ಶಕ್ತಿ ಹೊರಟುಹೋಗುತ್ತದೆ. ಗಮನಿಸಿ: ಬೇರೆಯವನ ನೆನಪಾಗಿ ಹುಟ್ಟಿದವಳಿಗೆ ಮೊದಲು ಕಳೆದುಹೋದದ್ದೇ ಸ್ವಂತ ನೆನಪು. ಅಮೆರಿಕದ ವರ್ಜೀನಿಯಾದ ತಂದೆತಾಯಿಯ ಮನೆಗೆ ಅವಳನ್ನು ಕಳಿಸಿಬಿಡುತ್ತಾರೆ. ಕತೆಗಾರರು ಅವಳನ್ನು ಅಲ್ಲಿ ಏಳು ವರ್ಷ ಬಿಟ್ಟಿರುತ್ತಾರೆ.

ಇವಳಿಗಿಂತ ಮುಂಚೆ ಕ್ಯಾಪ್ಟನ್ ಅಮೆರಿಕದ ಪಕ್ಕದಲ್ಲಿ ಮಹಿಳಾ ಏಜೆಂಟ್ ಇರಲಿಲ್ಲವೆಂದಲ್ಲ. ಜೋ ಸೈಮನ್ ಮತ್ತು ಕರ್ಬಿ ಸೇರಿ ತಂದ ಮೊದಲ ಸಂಚಿಕೆ, ಹಿಟ್ಲರನ ದವಡೆಗೆ ಗುದ್ದುವ ಆ ಮುಖಪುಟದ್ದು, ಅಂಗಡಿಗೆ ಬಂದದ್ದು 1940ರ ಡಿಸೆಂಬರಿನಲ್ಲಿ. ಅಮೆರಿಕ ಯುದ್ಧಕ್ಕೆ ಇಳಿಯಲು ಇನ್ನೂ ಒಂದು ವರ್ಷವಿತ್ತು. ಅದರಲ್ಲೇ ಬೆಟ್ಸಿ ರಾಸ್ ಎಂಬ ಸರ್ಕಾರಿ ಏಜೆಂಟ್ ಇದ್ದಾಳೆ. 1948ರಲ್ಲಿ ಅವಳಿಗೆ ಮುಖವಾಡ, ಮೇಲುಹೊದಿಕೆ ತೊಡಿಸಿ 'ಗೋಲ್ಡನ್ ಗರ್ಲ್' ಎಂದು ಕರೆದರು. ಅವಳು ಯಾರಿಗೂ ನೆನಪಿಲ್ಲ. ಪೆಗ್ಗಿ ಉಳಿದುಕೊಂಡಳು. ಏಕೆ ಎಂದು ಯೋಚಿಸಿದರೆ ನನಗೆ ತೋರುವುದು ಇಷ್ಟು: ಬೆಟ್ಸಿ ಎದುರಿಗಿದ್ದವಳು, ಪೆಗ್ಗಿ ಕಳೆದುಹೋದವಳು. ಕಳೆದುಹೋದವರ ಮೇಲೆ ಓದುಗರಿಗೆ ಮೋಹ ಜಾಸ್ತಿ.

1973ರಲ್ಲಿ ಅವಳಿಗೆ ನೆನಪು ಮರಳಿತು, ಕತೆಗೂ ಅವಳು ಮರಳಿದಳು. ಆದರೆ ಅವಳಿಗೆ ವಯಸ್ಸಾಗಿದೆ, ಸ್ಟೀವ್‌ಗೆ ಆಗಿಲ್ಲ. ಅವನು ಈಗ ಶರನ್‌ಳ ಜೊತೆಗಿದ್ದಾನೆ. ಅದನ್ನು ಪೆಗ್ಗಿಗೆ ಹೇಳುವ ಧೈರ್ಯವಿಲ್ಲ. ಸಂಚಿಕೆಗಟ್ಟಲೆ ಅವನು ಬಾಯಿ ಒಣಗಿಸಿಕೊಂಡು ನಿಲ್ಲುವುದನ್ನು ಓದುವಾಗ ನನಗೆ ಅಯ್ಯೋ ಅನ್ನಿಸಲಿಲ್ಲ, ಸಿಟ್ಟು ಬಂತು. ಪುಣ್ಯಕ್ಕೆ ಆಮೇಲಿನ ಲೇಖಕರು ಅವಳಿಗೆ ಒಂದಿಷ್ಟು ಉದ್ಯೋಗ ಕೊಟ್ಟರು: ಶೀಲ್ಡ್ ಎಂಬ ಗುಪ್ತಚರ ಸಂಸ್ಥೆಯಲ್ಲಿ ಕೆಲಸ, ಅಲ್ಲಿಯೇ ಗೇಬ್ ಜೋನ್ಸ್ ಎಂಬ ಕಪ್ಪು ವರ್ಣೀಯ ಸಹೋದ್ಯೋಗಿಯ ಜೊತೆ ಪ್ರೀತಿ, ಆಮೇಲೆ ಅವೆಂಜರ್ಸ್ ತಂಡದ ಸಂಪರ್ಕ ವ್ಯವಸ್ಥೆ ನೋಡಿಕೊಳ್ಳುವ ಜವಾಬ್ದಾರಿ. ಅಂದರೆ, ಹೆಚ್ಚುಕಡಿಮೆ, ನಮ್ಮ ಅತ್ತೆಯ ಕೆಲಸ.

ಇನ್ನು ನೆಂಟಸ್ತಿಕೆಯ ಗೋಜಲು. ಮೊದಲಿಗೆ ಶರನ್‌ಗೆ ಪೆಗ್ಗಿ ಅಕ್ಕ. ಯುದ್ಧ ಮುಗಿದು ಇಪ್ಪತ್ತು ವರ್ಷವಷ್ಟೇ ಆಗಿದ್ದಾಗ ಅದರಲ್ಲಿ ತೊಂದರೆಯಿರಲಿಲ್ಲ; ಅಕ್ಕನ ಮದುವೆಯ ವರ್ಷವೇ ಹುಟ್ಟಿದ ತಂಗಿಯರು ನಮ್ಮ ಹಳೆಯ ಕುಟುಂಬಗಳಲ್ಲಿ ಬೇಕಾದಷ್ಟು ಮಂದಿ. ಆದರೆ ಕಾಮಿಕ್ಸ್ ಲೋಕದಲ್ಲಿ ಪಾತ್ರಗಳಿಗೆ ವಯಸ್ಸಾಗುವುದಿಲ್ಲ, ಗೋಡೆಯ ಕ್ಯಾಲೆಂಡರ್ ಮಾತ್ರ ಓದುಗರ ಜೊತೆಗೇ ಮುಂದೆ ಹೋಗುತ್ತಿರುತ್ತದೆ. ಶರನ್ 1966ರಲ್ಲೂ ಯುವತಿ, 1996ರಲ್ಲೂ ಯುವತಿ. ಪೆಗ್ಗಿಯ ಯೌವನವನ್ನು ಮಾತ್ರ 1944ಕ್ಕೆ ಮೊಳೆ ಹೊಡೆದು ಕೂರಿಸಿದೆ. ಮಹಾಯುದ್ಧವನ್ನು ಎತ್ತಿ ಹತ್ತು ವರ್ಷ ಮುಂದಕ್ಕಿಡಲು ಯಾವ ಸಂಪಾದಕನಿಗೂ ಬರುವುದಿಲ್ಲವಲ್ಲ. ಹಾಗಾಗಿ ಒಂದು ದಿನ ಅಕ್ಕನನ್ನು ಸದ್ದಿಲ್ಲದೆ 'ಆಂಟ್' ಮಾಡಿದರು. ಇಂಗ್ಲಿಷಿಗೆ ಅಷ್ಟು ಸಾಕು. ಕನ್ನಡದಲ್ಲಿ ಬರೆಯುವವಳು ಏನು ಮಾಡಬೇಕು? ಚಿಕ್ಕಮ್ಮನೋ, ದೊಡ್ಡಮ್ಮನೋ, ಅತ್ತೆಯೋ? ಇಬ್ಬರೂ ಕಾರ್ಟರ್ ಮನೆತನದವರೇ ಆದ್ದರಿಂದ ಇದು ಅಪ್ಪನ ಕಡೆಯ ನಂಟೆಂದು ಲೆಕ್ಕ ಹಾಕಿ ಸೋದರತ್ತೆ ಎಂದು ತೀರ್ಮಾನಿಸಿಕೊಂಡಿದ್ದೇನೆ. ಈ ತೀರ್ಮಾನದಿಂದ ಮುಂದೆ ಒಂದು ಮುಜುಗರ ಕಾದಿದೆ, ಬರುತ್ತೇನೆ.

ವಯಸ್ಸಾದ ಮೇಲೆ ಕಾಗದದ ಪೆಗ್ಗಿ ವೃದ್ಧಾಶ್ರಮ ಸೇರಿದಳು, ಮರೆವು ಆವರಿಸಿತು. 2011ರ ಜುಲೈಯಲ್ಲಿ ಹೊಸದಾಗಿ ಶುರುವಾದ ಕಾಮಿಕ್ ಸರಣಿಯ ಮೊದಲ ಪುಟಗಳಲ್ಲೇ ಪ್ಯಾರಿಸ್ಸಿನಲ್ಲಿ ಅವಳ ಅಂತ್ಯಸಂಸ್ಕಾರ. ಅದೇ ಜುಲೈಯ 22ರಂದು ಅಮೆರಿಕದ ಚಿತ್ರಮಂದಿರಗಳಿಗೆ 'ಕ್ಯಾಪ್ಟನ್ ಅಮೆರಿಕ: ದಿ ಫಸ್ಟ್ ಅವೆಂಜರ್' ಬಂತು, ಅದರಲ್ಲಿ ಹೇಲಿ ಅಟ್‌ವೆಲ್ ಪೆಗ್ಗಿಯಾಗಿ ನಡೆದುಬಂದರು. ಕಾಗದ ಮಣ್ಣು ಮಾಡಿದ ತಿಂಗಳಲ್ಲೇ ಪರದೆ ಹೆತ್ತಿತು. ಯಾರೂ ಲೆಕ್ಕ ಹಾಕಿ ಮಾಡಿದ್ದಿರಲಾರದು.

ಸಿನಿಮಾದ ಪೆಗ್ಗಿ ವರ್ಜೀನಿಯಾದವಳಲ್ಲ, ಇಂಗ್ಲೆಂಡಿನವಳು. ಫ್ರೆಂಚ್ ಪ್ರತಿರೋಧ ಪಡೆಯೂ ಇಲ್ಲ. ಸೇನೆಯ ವೈಜ್ಞಾನಿಕ ಗುಪ್ತ ವಿಭಾಗಕ್ಕೆ ಬಂದ ಅಧಿಕಾರಿ. ಒತ್ತಾಗಿ ಸುರುಳಿ ಕಟ್ಟಿದ ಕೂದಲು, ಕೆಂಪು ತುಟಿ, ಇಸ್ತ್ರಿ ಮುರಿಯದ ಸಮವಸ್ತ್ರ. ಸಾಲಾಗಿ ನಿಂತ ಹೊಸ ಸಿಪಾಯಿಗಳಲ್ಲಿ ಒಬ್ಬ ಅವಳ ಉಚ್ಚಾರಣೆಯನ್ನು ಹಂಗಿಸಿದಾಗ, ಅವನನ್ನು ಒಂದು ಹೆಜ್ಜೆ ಮುಂದೆ ಕರೆದು, ಕಾಲು ಸರಿಯಾಗಿ ಇಡಿಸಿ, ಮೂಗಿಗೆ ಒಂದು ಬಿಡುತ್ತಾಳೆ. ಚಿತ್ರಮಂದಿರದಲ್ಲಿ ಸಿಳ್ಳೆ ಬಿದ್ದ ದೃಶ್ಯ ಅದು. ನನಗೆ ಇಷ್ಟವಾದದ್ದು ಗುದ್ದಲ್ಲ, ಅದಕ್ಕೆ ಮುಂಚೆ ಅವಳು ತಾಳ್ಮೆಯಿಂದ ಅವನ ಕಾಲನ್ನು ಸರಿಪಡಿಸಿದ ರೀತಿ. ದಿನಾ ಇದನ್ನೇ ಎದುರಿಸಿ ರೂಢಿಯಾದವರ ತಾಳ್ಮೆ.

ಇಷ್ಟಾದರೂ ಆ ಚಿತ್ರದಲ್ಲಿ ಅವಳು ಹೆಚ್ಚುಕಡಿಮೆ 1966ರ ಪೆಗ್ಗಿಯೇ. ಸ್ಟೀವ್‌ನ ದಿಕ್ಸೂಚಿಯ ಮುಚ್ಚಳದಲ್ಲಿ ಅವಳ ಭಾವಚಿತ್ರವಿದೆ. ವಿಮಾನ ಮಂಜಿಗೆ ಬೀಳುವ ಮುನ್ನ ಅವನು ರೇಡಿಯೋದಲ್ಲಿ ಅವಳೊಡನೆ ಮುಂದಿನ ಶನಿವಾರ ಎಂಟು ಗಂಟೆಗೆ ನೃತ್ಯಕ್ಕೆಂದು ಸ್ಟೋರ್ಕ್ ಕ್ಲಬ್ಬಿನಲ್ಲಿ ಸೇರುವ ಮಾತಾಡುತ್ತಾನೆ. ಮಾತಿನ ನಡುವೆ ಸದ್ದು ನಿಲ್ಲುತ್ತದೆ. ಎಪ್ಪತ್ತು ವರ್ಷದ ನಂತರ ಎಚ್ಚರವಾದಾಗ ಅವನು ಹೇಳುವುದೂ ತಪ್ಪಿಹೋದ ಆ ಭೇಟಿಯ ಮಾತನ್ನೇ. ಅವಳು ಮತ್ತೆ ಅವನ ನೆನಪಾದಳು. ಆದರೆ ನಾನು ಚಿತ್ರಮಂದಿರದಿಂದ ಹೊರಬರುವಾಗ ಬೇರೆಯೇ ಪ್ರಶ್ನೆ ತಲೆಯಲ್ಲಿತ್ತು. ಶನಿವಾರದ ಎಂಟು ಗಂಟೆ ಅವಳಿಗೂ ಬಂದಿರಬೇಕಲ್ಲ? ಅವನು ಮಂಜಿನಲ್ಲಿ ಮಲಗಿದ್ದ. ಅವಳು ಭಾನುವಾರವನ್ನೂ, ಸೋಮವಾರವನ್ನೂ ಕಳೆಯಬೇಕಿತ್ತು. ಸೋಮವಾರ ಕಚೇರಿಗೆ ಹೋಗಬೇಕಿತ್ತು.

ಆ ಸೋಮವಾರದ ಕತೆಯನ್ನು ಹೇಳಬೇಕೆಂದು ಯಾರಿಗೋ ಹೊಳೆಯಿತು. 2013ರಲ್ಲಿ ಒಂದು ಹದಿನೈದು ನಿಮಿಷದ ಕಿರುಚಿತ್ರ ಬಂತು. ಯುದ್ಧ ಮುಗಿದಿದೆ. ಪೆಗ್ಗಿಗೆ ಕಡತ ಜೋಡಿಸುವ ಕೆಲಸ. ಗಂಡಸರೆಲ್ಲ ಸಂಜೆ ಕುಡಿಯಲು ಹೊರಟಮೇಲೆ ಕಚೇರಿಯ ಫೋನ್ ಬಾರಿಸುತ್ತದೆ. ಹಲವು ಏಜೆಂಟರು ಸೇರಿ ಮಾಡಬೇಕಾದ ಕಾರ್ಯಾಚರಣೆಗೆ ಅವಳು ಒಬ್ಬಳೇ ಹೋಗಿ ಮುಗಿಸಿ ಬರುತ್ತಾಳೆ. ಬೆಳಿಗ್ಗೆ ಮೇಲಧಿಕಾರಿಯಿಂದ ಬೈಗುಳ. 2015ರ ಜನವರಿ 6ರಂದು ಅಮೆರಿಕದ ಎಬಿಸಿ ವಾಹಿನಿಯಲ್ಲಿ 'ಏಜೆಂಟ್ ಕಾರ್ಟರ್' ಧಾರಾವಾಹಿ ಆರಂಭವಾಯಿತು. ಎರಡು ಋತು, ಒಟ್ಟು ಹದಿನೆಂಟು ಕಂತು. 2016ರ ಮೇ ತಿಂಗಳಲ್ಲಿ ನಿಲ್ಲಿಸಿಬಿಟ್ಟರು. ಪೆಗ್ಗಿ ಮನುಷ್ಯಳಾದದ್ದು ಈ ಹದಿನೆಂಟು ಕಂತುಗಳಲ್ಲಿ ಎಂದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೆ ಕಾರಣ ಬಂದೂಕಲ್ಲ. ಅವಳಿಗೆ ಇಲ್ಲಿ ಒಂದು ಮೇಜು ಸಿಕ್ಕಿತು.

1946ರ ನ್ಯೂಯಾರ್ಕ್. ಗುಪ್ತ ಕಚೇರಿ ಅಡಗಿರುವುದು ಟೆಲಿಫೋನ್ ಕಂಪನಿಯೊಂದರ ಸೋಗಿನ ಹಿಂದೆ. ಸಾಲಾಗಿ ಆಪರೇಟರ್ ಹುಡುಗಿಯರು ಕೂತ ಸ್ವಿಚ್‌ಬೋರ್ಡಿನ ಕೋಣೆ ದಾಟಿದರೆ ಒಳಗೆ ಬಂದೂಕು, ಕಡತ, ಸಿಗರೇಟಿನ ಹೊಗೆ, ಟೈ ಸಡಿಲಿಸಿಕೊಂಡ ಗಂಡಸರು. ಯುದ್ಧಕಾಲದಲ್ಲಿ ಶತ್ರುವಿನ ಗೆರೆ ದಾಟಿ ಬಂದ ಪೆಗ್ಗಿಗೆ ಇಲ್ಲಿ ಕಡತ ಜೋಡಿಸು ಎನ್ನುತ್ತಾರೆ. ನೀನು ಅದನ್ನು ನಮಗಿಂತ ಚೆನ್ನಾಗಿ ಮಾಡುತ್ತೀಯ ಎಂಬ ಹೊಗಳಿಕೆಯ ಜೊತೆಗೆ. ಕಾಫಿ ತರಬೇಕು. ಮಧ್ಯಾಹ್ನ ಯಾರಿಗೆ ಯಾವ ಸ್ಯಾಂಡ್‌ವಿಚ್ ಎಂದು ಬರೆದುಕೊಳ್ಳಬೇಕು.

ನಾನು ಕೆಲಸಕ್ಕೆ ಸೇರಿದ ಮೊದಲ ಕಚೇರಿಯಲ್ಲಿ ಸಭೆಗೆ ಕೂರುತ್ತಿದ್ದವರು ಹತ್ತು ಜನ, ಹೆಂಗಸು ನಾನೊಬ್ಬಳೇ. ಮೂರೂವರೆಗೆ ಸರಿಯಾಗಿ ಎಲ್ಲರ ಕಣ್ಣೂ ನನ್ನ ಕಡೆ ತಿರುಗುತ್ತಿದ್ದವು. ಎರಡು ಮಸಾಲೆ, ಮೂರು ಸೆಟ್ ದೋಸೆ, ಒಂದು ಸಕ್ಕರೆಯಿಲ್ಲದ ಕಾಫಿ. ಯಾರೂ ದಬ್ಬಾಳಿಕೆ ಮಾಡಲಿಲ್ಲ, ಬಹಳ ಸಭ್ಯರು. ಲೆಕ್ಕಪತ್ರದಲ್ಲಿ ಅವರು ಮಾಡಿದ್ದ ತಪ್ಪನ್ನು ಹಿಡಿದು ಕೊಟ್ಟವಳು ನಾನೇ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ಹಾಲೆಷ್ಟು, ಡಿಕಾಕ್ಷನ್ ಎಷ್ಟು ಎಂಬುದು ಹೆಂಗಸಿನ ತಲೆಯಲ್ಲಿ ತಾನಾಗಿ ಇರುತ್ತದೆ ಎಂದು ಅವರು ನಂಬಿದ್ದರು. ಪೆಗ್ಗಿ ಟ್ರೇ ಹಿಡಿದು ಸಭೆಯೊಳಕ್ಕೆ ಬಂದಾಗ ಯಾರೂ ತಲೆಯೆತ್ತಿ ನೋಡುವುದಿಲ್ಲ. ಅವಳು ಬೇಕಾದ್ದನ್ನೆಲ್ಲ ಕೇಳಿಸಿಕೊಳ್ಳುತ್ತಾಳೆ. ಈ ಧಾರಾವಾಹಿಯ ಜಾಣತನ ಇರುವುದು ಇಲ್ಲಿಯೇ: ಅವಳನ್ನು ಕಡೆಗಣಿಸಿದ ಕಣ್ಣುಗಳೇ ಅವಳಿಗೆ ಮರೆ. ಗೆಳೆಯ ಹಾವರ್ಡ್ ಸ್ಟಾರ್ಕ್‌ನನ್ನು ನಿರಪರಾಧಿಯೆಂದು ಸಾಬೀತು ಮಾಡಲು ಅವಳು ತನ್ನದೇ ಕಚೇರಿಯ ಮೇಲೆ ಬೇಹುಗಾರಿಕೆ ನಡೆಸಬೇಕು. ಅದಕ್ಕೆ ಊಟದ ಆರ್ಡರ್ ಬರೆದುಕೊಳ್ಳುವ ಚೀಟಿಗಿಂತ ಒಳ್ಳೆಯ ಆಯುಧ ಬೇರೊಂದಿಲ್ಲ. ಒಮ್ಮೆ ರಜೆ ಬೇಕಾದಾಗ ಮೇಲಧಿಕಾರಿಗೆ "ಹೆಂಗಸರ ತೊಂದರೆ" ಎನ್ನುತ್ತಾಳೆ. ಅಷ್ಟು ದೊಡ್ಡ ಆಸಾಮಿ ಮುಂದೆ ಒಂದು ಪ್ರಶ್ನೆ ಕೇಳದೆ ಮುಖ ತಿರುಗಿಸುತ್ತಾನೆ. ಈ ಉಪಾಯ ಇಲ್ಲಿಯೂ ಅಷ್ಟೇ ಚೆನ್ನಾಗಿ ನಡೆಯುತ್ತದೆಂದು ಮಾತ್ರ ಹೇಳಬಲ್ಲೆ.

ಅವಳು ಇಳಿದುಕೊಳ್ಳುವ ಹೆಂಗಸರ ವಸತಿಗೃಹವನ್ನೂ ಬಿಡಲಾರೆ. ಗಂಡಸರು ಮಹಡಿ ಹತ್ತುವಂತಿಲ್ಲ, ಹತ್ತಿದರೆ ಹುಡುಗಿಗೆ ಅಂದೇ ಗಂಟುಮೂಟೆ. ಊಟದ ಹೊತ್ತಿಗೆ ವಾರ್ಡನ್‌ನ ಹದ್ದಿನ ಕಣ್ಣು. ಹುಡುಗಿಯರು ಬ್ರೆಡ್ಡು, ಕೋಳಿ ತುಂಡುಗಳನ್ನು ಬಟ್ಟೆಯ ಮಡಿಕೆಗಳಲ್ಲಿ ಬಚ್ಚಿಟ್ಟುಕೊಂಡು ಕೋಣೆಗೆ ಸಾಗಿಸುವ ವಿದ್ಯೆಯನ್ನು ಹೊಸಬಳಿಗೆ ಹೇಳಿಕೊಡುತ್ತಾರೆ. ಪೆಗ್ಗಿ ಗೂಢಚಾರಿಕೆಯಲ್ಲಿ ಪಳಗಿದವಳು, ಆದರೂ ಕಣ್ಣರಳಿಸಿ ನೋಡುತ್ತಾಳೆ. ಹಾಸ್ಟೆಲಿನಲ್ಲಿ ಟವೆಲಿನೊಳಗೆ ಇಮ್ಮರ್ಷನ್ ರಾಡ್ ಸುತ್ತಿಕೊಂಡು ಓಡಾಡಿದ ನಮ್ಮಂಥವರಿಗೆ ಇದೇನು ಹೊಸತಲ್ಲ.

ಧಾರಾವಾಹಿಯ ಅತ್ಯಂತ ಚೆಂದದ ಏಟು ಬೀಳುವುದು ರೇಡಿಯೋದ ಮೂಲಕ. ಸ್ಟೀವ್ ಸತ್ತನೆಂದು ಎಲ್ಲರೂ ನಂಬಿರುವ ಆ ನ್ಯೂಯಾರ್ಕಿನಲ್ಲಿ ಕ್ಯಾಪ್ಟನ್ ಅಮೆರಿಕದ ಸಾಹಸಗಳ ರೇಡಿಯೋ ನಾಟಕ ಮನೆಮನೆಯಲ್ಲಿ ಮೊಳಗುತ್ತಿದೆ. ಅದರಲ್ಲಿ ಬೆಟ್ಟಿ ಕಾರ್ವರ್ ಎಂಬ ನರ್ಸ್ ಪಾತ್ರ. ಅವಳ ಕೆಲಸ ನಾಜಿಗಳ ಕೈಗೆ ಸಿಕ್ಕಿಬೀಳುವುದು, ಕಿರುಚುವುದು, ಕ್ಯಾಪ್ಟನ್ ಬಂದು ಬಿಡಿಸಿದಾಗ ನಿಟ್ಟುಸಿರು ಬಿಡುವುದು. ಯಾರನ್ನು ನೋಡಿ ಆ ಪಾತ್ರ ಬರೆದಿದ್ದಾರೆ ಎಂಬುದು ಪೆಗ್ಗಿಗೆ ಗೊತ್ತು. ರೇಡಿಯೋ ಕೇಳಿದಾಗಲೆಲ್ಲ ಹಲ್ಲು ಕಡಿಯುತ್ತಾಳೆ. ಒಂದು ಕಂತಿನಲ್ಲಿ ಪೆಗ್ಗಿ ಒಬ್ಬ ದಾಂಡಿಗನ ಜೊತೆ ಕೈಕೈ ಮಿಲಾಯಿಸುತ್ತಿದ್ದಾಳೆ. ಅದರ ನಡುನಡುವೆ ಸ್ಟುಡಿಯೋದಲ್ಲಿ ಧ್ವನಿ ಕಲಾವಿದರು ಮೈಕಿನ ಮುಂದೆ ಹೊಡೆತದ ಸದ್ದು ಸೃಷ್ಟಿಸುತ್ತಿದ್ದಾರೆ, ನಟಿ ಕಾಗದ ನೋಡಿಕೊಂಡು "ಕಾಪಾಡಿ" ಎಂದು ಕೂಗುತ್ತಿದ್ದಾಳೆ. ಇತ್ತ ನಿಜವಾದವಳು ಸದ್ದಿಲ್ಲದೆ ಹೊಡೆದು ಕೆಡವುತ್ತಿದ್ದಾಳೆ. ಕಾಮಿಕ್ಸ್ ತನ್ನನ್ನು ಹೇಗೆ ಬರೆದಿತ್ತು ಎಂಬುದಕ್ಕೆ ಪಾತ್ರವೇ ಕೊಟ್ಟ ಉತ್ತರದಂತಿದೆ ಈ ದೃಶ್ಯ. 1966ರಲ್ಲಿ ಹೆಸರಿಲ್ಲ, 1946ರ ರೇಡಿಯೋದಲ್ಲಿ ಇರುವ ಹೆಸರೂ ತಪ್ಪು.

ಮೊದಲ ಋತುವಿನ ಕೊನೆಯಲ್ಲಿ ನಗರವನ್ನು ಉಳಿಸಿದವಳು ಪೆಗ್ಗಿ. ಕಚೇರಿಗೆ ಬಂದ ಸೆನೆಟರ್ ಕೈಕುಲುಕುವುದು ಥಾಂಪ್ಸನ್ ಎಂಬ ಸಹೋದ್ಯೋಗಿಗೆ. ಆತ ತಿದ್ದುವುದಿಲ್ಲ. ಊರುಗೋಲು ಹಿಡಿದ ಇನ್ನೊಬ್ಬ ಸಹೋದ್ಯೋಗಿ ಸೌಸ ಅವಳ ಪರವಾಗಿ ಕೂಗಾಡಲು ಹೊರಟಾಗ ಪೆಗ್ಗಿ ತಡೆಯುತ್ತಾಳೆ: ನನ್ನ ಬೆಲೆ ನನಗೆ ಗೊತ್ತು, ಬೇರೆಯವರ ಅಭಿಪ್ರಾಯ ಕಟ್ಟಿಕೊಂಡು ನನಗೇನು. ಈ ಮಾತು ಆಮೇಲೆ ಟೀ-ಶರ್ಟುಗಳ ಮೇಲೆ, ಕಾಫಿ ಮಗ್‌ಗಳ ಮೇಲೆ ಬಂತು. ನನಗೆ ಮೊದಲ ಸಲ ಮೈ ಜುಮ್ಮೆಂದಿತು. ಎರಡನೆಯ ಸಲ ನೋಡುವಾಗ ಅಷ್ಟು ಸಲೀಸಾಗಿ ಇಳಿಯಲಿಲ್ಲ. ಬೆಲೆ ಗೊತ್ತಿದ್ದರೆ ಸಾಲದು, ಬಡ್ತಿ ಪತ್ರದಲ್ಲಿ ಅದು ಬರೆದಿರಬೇಕು ತಾಯಿ ಎಂದು ಪರದೆಗೆ ಹೇಳಿದೆ. ಥಾಂಪ್ಸನ್ ಎರಡನೇ ಋತುವಿನಲ್ಲಿ ಮುಖ್ಯಸ್ಥನಾಗಿರುತ್ತಾನೆ.

ಎರಡನೇ ಋತು ಲಾಸ್ ಏಂಜಲೀಸಿಗೆ ಹೋಗಿ ಬಿಸಿಲಿನಲ್ಲಿ ಸ್ವಲ್ಪ ಕರಗಿತು. ಆದರೆ ಅದರಲ್ಲಿ ಒಂದು ಹಿನ್ನೋಟವಿದೆ. ಕತ್ತಿ ಹಿಡಿದು ರಾಜಕುಮಾರಿಯನ್ನು ಬಿಡಿಸಲು ಹೊರಟ ಪುಟ್ಟ ಪೆಗ್ಗಿ; ಹೆಣ್ಣುಮಗಳ ಹಾಗೆ ಇರು ಎನ್ನುವ ಅಮ್ಮ. ಆಮೇಲೆ ಯುದ್ಧ, ಬ್ಲೆಚ್ಲಿ ಪಾರ್ಕಿನಲ್ಲಿ ಗೂಢಲಿಪಿ ಬಿಡಿಸುವ ಕೆಲಸ, ನಿಶ್ಚಿತಾರ್ಥ. ಎಸ್‌ಒಇ ಎಂಬ ಬ್ರಿಟಿಷ್ ಗುಪ್ತ ಸಂಸ್ಥೆ ಕರೆದಾಗ ಅವಳು ಮೊದಲು ಬೇಡವೆನ್ನುತ್ತಾಳೆ. ಅವಳ ಹೆಸರನ್ನು ಸೂಚಿಸಿದ್ದು ಅಣ್ಣ ಎಂದು ಆಮೇಲೆ ತಿಳಿಯುತ್ತದೆ. ಅಣ್ಣ ಯುದ್ಧದಲ್ಲಿ ಹತನಾದ ಸುದ್ದಿ ಬರುತ್ತದೆ. ಮದುವೆಯ ಉಡುಪನ್ನು ಅಲ್ಲೇ ಬಿಟ್ಟು ಅವಳು ಹೊರಡುತ್ತಾಳೆ.

ಎಸ್‌ಒಇ ಎಂಬ ಮೂರಕ್ಷರ ಕೇಳಿದ ಕೂಡಲೇ ನನ್ನ ಮನಸ್ಸು ಪೆಗ್ಗಿಯನ್ನು ಬಿಟ್ಟು ಬೇರೆ ಕಡೆ ಹೋಗುತ್ತದೆ. ಅದು ಕಟ್ಟುಕತೆಯ ಸಂಸ್ಥೆಯಲ್ಲ. ಅದರ ಫ್ರೆಂಚ್ ವಿಭಾಗ 39 ಹೆಂಗಸರನ್ನು ನಾಜಿಗಳ ಹಿಡಿತದಲ್ಲಿದ್ದ ಫ್ರಾನ್ಸಿಗೆ ಕಳಿಸಿತ್ತು. ಅವರಲ್ಲಿ ಒಬ್ಬರು ನೂರ್ ಇನಾಯತ್ ಖಾನ್. ತಂದೆ ಸೂಫಿ ಗುರು, ವೀಣಾವಾದಕ ಹಜರತ್ ಇನಾಯತ್ ಖಾನ್. ಇನಾಯತ್ ಅವರ ತಾಯಿಯ ತಂದೆ ಮೌಲಾ ಬಕ್ಷ್ ಮೈಸೂರು ಆಸ್ಥಾನದಲ್ಲಿ ಮನ್ನಣೆ ಪಡೆದ ಸಂಗೀತಗಾರ. ಮದುವೆಯಾದದ್ದು ಟಿಪ್ಪು ಸುಲ್ತಾನನ ವಂಶದ ಹೆಣ್ಣುಮಗಳನ್ನು. ಹಾಗಾಗಿ ಶ್ರೀರಂಗಪಟ್ಟಣದ ಒಂದು ಎಳೆ ಹೇಗೋ ಬಂದು ಪ್ಯಾರಿಸ್ಸಿನ ಯುದ್ಧಕಾಲದ ಬೀದಿಗೆ ಸೇರಿಕೊಂಡಿದೆ.

ನೂರ್ ಹುಟ್ಟಿದ್ದು 1914ರ ಜನವರಿ 1ರಂದು, ಮಾಸ್ಕೋದಲ್ಲಿ. ಬೆಳೆದದ್ದು ಪ್ಯಾರಿಸ್ ಬಳಿ. ಮಕ್ಕಳಿಗಾಗಿ ಕತೆ ಬರೆಯುತ್ತಿದ್ದರು. ಇಪ್ಪತ್ತು ಜಾತಕ ಕತೆಗಳನ್ನು ಹೇಳಿದ ಅವರ ಪುಸ್ತಕ 1939ರಲ್ಲಿ ಬಂತು. ತರಬೇತಿಯ ವರದಿಯಲ್ಲಿ ಇವರಿಗೆ ತಲೆ ಅಷ್ಟೇನೂ ಓಡುವುದಿಲ್ಲ ಎಂಬ ಅರ್ಥದ ಮಾತನ್ನು ಅಧಿಕಾರಿಯೊಬ್ಬ ಬರೆದಿದ್ದ. 1943ರ ಜೂನ್ ನಡುವಿನ ಒಂದು ರಾತ್ರಿ ಪುಟ್ಟ ಲೈಸ್ಯಾಂಡರ್ ವಿಮಾನ ಅವರನ್ನು ಫ್ರಾನ್ಸಿನ ಹೊಲದಲ್ಲಿ ಇಳಿಸಿತು. ಆಕ್ರಮಿತ ಫ್ರಾನ್ಸಿಗೆ ಲಂಡನ್ ಕಳಿಸಿದ ಮೊದಲ ಮಹಿಳಾ ವೈರ್‌ಲೆಸ್ ಆಪರೇಟರ್. ಕೆಲಸವೆಂದರೆ ಗುದ್ದಾಟವಲ್ಲ. ಸೂಟ್‌ಕೇಸಿನಲ್ಲಿ ಸುಮಾರು 15 ಕಿಲೋ ತೂಕದ ರೇಡಿಯೋ ಹೊತ್ತು ಮನೆಯಿಂದ ಮನೆಗೆ ಅಲೆಯುವುದು, ಕಿಟಕಿಯಿಂದ ಆಂಟೆನಾ ತಂತಿ ಎಳೆಯುವುದು, ಕೀಲಿ ಒತ್ತಿ ಸಂದೇಶ ಕಳಿಸುವುದು, ಪತ್ತೆಗಾಡಿ ಹತ್ತಿರ ಬರುವ ಮೊದಲೇ ಎಲ್ಲ ಮಡಚಿಕೊಂಡು ಹೊರಡುವುದು. ಬಂದ ಕೆಲವೇ ದಿನಗಳಲ್ಲಿ ಅವರ ಜಾಲದವರನ್ನು ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಒಬ್ಬೊಬ್ಬರನ್ನಾಗಿ ಹಿಡಿಯಿತು. ವಾಪಸು ಬಾ ಎಂದರು, ಅವರು ಒಪ್ಪಲಿಲ್ಲ. ಅಕ್ಟೋಬರಿನಲ್ಲಿ ಯಾರೋ ಹಿಡಿದುಕೊಟ್ಟರು. ಜರ್ಮನಿಯ ಫೋರ್ಟ್ಸ್‌ಹೈಮ್ ಸೆರೆಮನೆಯಲ್ಲಿ ತಿಂಗಳುಗಟ್ಟಲೆ ಸರಪಳಿ. 1944ರ ಸೆಪ್ಟೆಂಬರ್ 13ರಂದು ಡಾಖಾವ್ ಶಿಬಿರದಲ್ಲಿ ಇನ್ನೂ ಮೂವರು ಹೆಣ್ಣುಮಕ್ಕಳ ಜೊತೆ ಅವರನ್ನು ಗುಂಡಿಕ್ಕಿ ಕೊಂದರು. ಮೂವತ್ತು ವರ್ಷ.

ಹೆಸರಿನ ವಿಷಯಕ್ಕೆ ಬಂದರೆ, ನೂರ್ ಅವರಿಗಿದ್ದ ಹೆಸರುಗಳನ್ನು ನೋಡಿ: ವಾಯುಪಡೆಯಲ್ಲಿ ನೋರಾ ಬೇಕರ್, ಪ್ಯಾರಿಸ್ಸಿನ ನಕಲಿ ಕಾಗದಪತ್ರದಲ್ಲಿ ಜೀನ್ ಮರೀ ರೆನಿಯೆ, ರೇಡಿಯೋ ಸಂಕೇತದಲ್ಲಿ ಮ್ಯಾಡಲೀನ್. ಕಾಮಿಕ್ಸಿನ ಪೆಗ್ಗಿಗೆ ಫ್ರಾನ್ಸಿನಲ್ಲಿದ್ದ ಗುಪ್ತನಾಮ ಮ್ಯಾಡ್ಮೋಸೆಲ್. ಎರಡೂ ಕಿವಿಗೆ ಒಂದೇ ಥರ ಕೇಳಿಸುತ್ತವೆ, ಅಷ್ಟೇ. ನಂಟು ಹೆಣೆಯಲು ಹೋಗುವುದಿಲ್ಲ. ನೂರ್ ಅವರಿಗೆ 1949ರಲ್ಲಿ ಬ್ರಿಟನ್ನಿನ ಶೌರ್ಯಪದಕ ಜಾರ್ಜ್ ಕ್ರಾಸ್ ಬಂತು. ಲಂಡನ್ನಿನ ಗಾರ್ಡನ್ ಸ್ಕ್ವೇರಿನಲ್ಲಿ ಪ್ರತಿಮೆ ನಿಂತದ್ದು 2012ರ ನವೆಂಬರಿನಲ್ಲಿ. ಪೆಗ್ಗಿ ಪರದೆಗೆ ಬಂದ ಮರುವರ್ಷ. ಕಟ್ಟುಕತೆಯ ಬೇಹುಗಾರ್ತಿಗೆ ಪರದೆ ಸಿಕ್ಕಿದ್ದಕ್ಕೂ ನಿಜದವರಿಗೆ ಪ್ರತಿಮೆ ಸಿಕ್ಕಿದ್ದಕ್ಕೂ ಸಂಬಂಧವಿಲ್ಲ. ಆದರೆ ಎರಡಕ್ಕೂ ಅಷ್ಟೊಂದು ದಿನ ಹಿಡಿಯಿತಲ್ಲ ಎಂದು ಅನ್ನಿಸದೆ ಇರದು.

ಮತ್ತೆ ಸಿನಿಮಾಕ್ಕೆ. 2014ರ ಚಿತ್ರದಲ್ಲಿ ಸ್ಟೀವ್ ಮುದುಕಿ ಪೆಗ್ಗಿಯನ್ನು ನೋಡಲು ಹೋಗುತ್ತಾನೆ. ಹಾಸಿಗೆಯ ಮೇಲೆ ಒರಗಿ ಅವಳು ಸಾವಧಾನವಾಗಿ, ತಮಾಷೆಯಾಗಿ ಮಾತಾಡುತ್ತಿರುತ್ತಾಳೆ. ಕೆಮ್ಮು ಬರುತ್ತದೆ. ಅವನು ನೀರಿನ ಲೋಟ ತರಲು ತಿರುಗುತ್ತಾನೆ. ಮರಳಿ ಮುಖ ನೋಡುವಷ್ಟರಲ್ಲಿ ಅವಳು ಎಲ್ಲ ಮರೆತಿದ್ದಾಳೆ. ಸತ್ತವನೇ ಎದ್ದು ಬಂದನೆಂದು ಮೊದಲ ಸಲ ನೋಡಿದಂತೆ ಅಳುತ್ತಾಳೆ. ಕಾಮಿಕ್ಸಿನಲ್ಲಿ ಶೆಲ್ ಸಿಡಿದು ಹೋದ ನೆನಪು ಇಲ್ಲಿ ವಯಸ್ಸಿನಿಂದ ಹೋಗಿದೆ. ಮೊದಲನೆಯದು ಕತೆಗಾರನ ಉಪಾಯವೆಂದು ಗೊತ್ತಾಗುತ್ತದೆ. ಎರಡನೆಯದನ್ನು ಮನೆಯಲ್ಲಿ ಕಂಡವರು ಬಹಳ ಜನ.

2016ರ ಚಿತ್ರದಲ್ಲಿ ಅವಳು ತೀರಿಕೊಳ್ಳುತ್ತಾಳೆ. ಲಂಡನ್ನಿನ ಚರ್ಚಿನಲ್ಲಿ ಶರನ್ ಮಾತಾಡುತ್ತ, ಇಡೀ ಜಗತ್ತು ನಿನಗೆ ಪಕ್ಕಕ್ಕೆ ಸರಿ ಎಂದಾಗ ನೀನು ಮರದ ಹಾಗೆ ನಿಂತು "ಇಲ್ಲ, ನೀವೇ ಪಕ್ಕಕ್ಕೆ ಸರಿಯಿರಿ" ಎನ್ನಬೇಕು ಎಂಬ ಪೆಗ್ಗಿಯ ಮಾತನ್ನು ನೆನೆಯುತ್ತಾಳೆ. ಈ ಮಾತು 2007ರ ಸ್ಪೈಡರ್‌ಮ್ಯಾನ್ ಕಾಮಿಕ್ಸಿನಲ್ಲಿ ಕ್ಯಾಪ್ಟನ್ ಅಮೆರಿಕ ಆಡಿದ್ದು. ಐವತ್ತು ವರ್ಷ ಅವನ ನೆನಪಾಗಿ ದುಡಿದವಳಿಗೆ ಚಿತ್ರಕತೆಗಾರರು ಅವನ ಅತ್ಯುತ್ತಮ ಮಾತನ್ನು ಕೊಟ್ಟುಬಿಟ್ಟರು. ಹಳೆಯ ಸಾಲ ತೀರಿಸಿದ ಹಾಗೆ. ನನಗೆ ಸಂತೋಷವಾಯಿತು. ಆದರೆ ಅದೇ ಚಿತ್ರದಲ್ಲಿ, ಸ್ವಲ್ಪ ಹೊತ್ತಿಗೆ, ಸ್ಟೀವ್ ಶರನ್‌ಳಿಗೆ ಮುತ್ತು ಕೊಡುತ್ತಾನೆ. ನಾನು ಮುಂಚೆ ಹೇಳಿದ ಮುಜುಗರ ಇದೇ. ಪೆಗ್ಗಿ ಸೋದರತ್ತೆಯಾದರೆ ಅವಳನ್ನು ಕೈಹಿಡಿಯಬೇಕಿದ್ದವನು ಮಾವ. ಅತ್ತೆಯ ಮಣ್ಣು ಇನ್ನೂ ಒಣಗಿಲ್ಲ. ಇಂಗ್ಲಿಷ್ ನೋಡುಗರಿಗೇ ಹಿಡಿಸದ ದೃಶ್ಯವದು. ನಮ್ಮ ನೆಂಟಸ್ತಿಕೆಯ ಶಬ್ದಗಳನ್ನು ತಲೆಯಲ್ಲಿಟ್ಟುಕೊಂಡು ನೋಡಿದರೆ ಕುರ್ಚಿಯಲ್ಲಿ ಕೂರಲಾಗುವುದಿಲ್ಲ.

2019ರ 'ಎಂಡ್‌ಗೇಮ್'ನಲ್ಲಿ ಅವನು ನಿಜಕ್ಕೂ ಮಾವನಾದ. ಕಾಲದಲ್ಲಿ ಹಿಂದಕ್ಕೆ ಪಯಣಿಸಿ 1970ಕ್ಕೆ ಹೋದಾಗ ಸ್ಟೀವ್ ಅವಿತುಕೊಳ್ಳಲು ಒಂದು ಕೋಣೆಗೆ ನುಗ್ಗುತ್ತಾನೆ. ಮೇಜಿನ ಮೇಲೆ ಬಡಕಲು ದೇಹದ, ಹಳೆಯ ಸ್ಟೀವ್‌ನ ಭಾವಚಿತ್ರ. ಬಾಗಿಲ ಗಾಜಿನ ಮೇಲೆ ಅವಳ ಹೆಸರು. ಕಿಟಕಿಯ ಪಟ್ಟಿಗಳ ಸಂದಿಯಿಂದ ಅವಳು ಕಾಣುತ್ತಾಳೆ, ಯಾರಿಗೋ ಏನೋ ಹೇಳುತ್ತ, ತನ್ನ ಪಾಡಿಗೆ ತಾನು ಕೆಲಸದಲ್ಲಿ. ಅವಳಿಗೆ ಅವನು ಕಾಣುವುದಿಲ್ಲ. ದಿಕ್ಸೂಚಿಯೊಳಗಿನ ಅವಳ ಚಿತ್ರಕ್ಕೆ ಎಂಟು ವರ್ಷದ ಮೇಲೆ ಇದು ಜವಾಬು: ಈಗ ಅವಳ ಮೇಜಿನ ಮೇಲೆ ಅವನು ಚಿತ್ರ. ಅವಳಿಗೆ ನೆನಪಿದೆ, ಜೊತೆಗೆ ಕೆಲಸವೂ ಇದೆ. ಚಿತ್ರ ಅಲ್ಲಿಗೇ ಅವಳನ್ನು ಬಿಟ್ಟಿದ್ದರೆ ಚೆನ್ನಾಗಿತ್ತು. ಬಿಡಲಿಲ್ಲ. ಕೊನೆಯಲ್ಲಿ ಅವನು ಕಾಲದಲ್ಲಿ ಹಿಂದಕ್ಕೆ ಹೋಗಿ ಅವಳೊಡನೆ ಬಾಳುತ್ತಾನೆ; ಹಳೆಯ ಹಾಡಿಗೆ ಮನೆಯೊಳಗೆ ಇಬ್ಬರೂ ನಿಧಾನವಾಗಿ ಕುಣಿಯುತ್ತಾರೆ. ನನಗೆ ಅಳು ಬಂತು, ಪಕ್ಕದ ಸೀಟಿನವರೂ ಅತ್ತರು. ಮನೆಗೆ ಬಂದು ಮುಖ ತೊಳೆಯುವಾಗ ಇದು ಅವನ ಬಹುಮಾನ, ಅವಳನ್ನು ಯಾರೂ ಕೇಳಲಿಲ್ಲ ಎಂದು ಹೊಳೆಯಿತು. ಆ ದೃಶ್ಯದಲ್ಲಿ ಅವಳಿಗೆ ಒಂದು ಮಾತೂ ಇಲ್ಲ.

ಆಮೇಲಿನದನ್ನು ಚುಟುಕಾಗಿ ಮುಗಿಸುತ್ತೇನೆ. ಬಡಕಲು ಸ್ಟೀವ್‌ನನ್ನು ಮಹಾಬಲಶಾಲಿ ಮಾಡಿದ ಔಷಧವನ್ನು ಅವನ ಬದಲು ಪೆಗ್ಗಿಗೇ ಚುಚ್ಚಿದ್ದರೆ? ಈ ಯೋಚನೆ 2016ರಲ್ಲಿ ಒಂದು ಮೊಬೈಲ್ ಆಟದಲ್ಲಿ ಮೊಳೆಯಿತು, 2018ರಲ್ಲಿ ಕಾಮಿಕ್ಸಿಗೆ ಬಂತು, 2021ರ ಆಗಸ್ಟಿನಲ್ಲಿ ಅನಿಮೇಷನ್ ಸರಣಿಯ ಮೊದಲ ಕಂತಾಯಿತು, 2022ರಲ್ಲಿ ಅಟ್‌ವೆಲ್ ಅವರೇ ಗುರಾಣಿ ಹಿಡಿದು ಸಿನಿಮಾದಲ್ಲಿ ಬಂದು ಬೇಗನೇ ಸತ್ತರು, ಅದೇ ವರ್ಷ ಕ್ಯಾಪ್ಟನ್ ಕಾರ್ಟರ್ ಎಂಬ ಐದು ಸಂಚಿಕೆಗಳ ಕಾಮಿಕ್ ಬಂತು. ಪರದೆ ಅವಳನ್ನು ಕಾಗದಕ್ಕೆ ಹಿಂದಿರುಗಿಸಿತು. ಪುಟ್ಟ ಹುಡುಗಿಯರು ಆ ಗುರಾಣಿ ಹಿಡಿದು ಓಡಾಡುವುದನ್ನು ನೋಡಿದರೆ ನನಗೂ ಹಿತವೇ. ಆದರೆ ಬಸ್ಸನ್ನು ಎತ್ತಿ ಬಿಸಾಡಬಲ್ಲವಳಿಗೆ ಊಟದ ಚೀಟಿಯ ಉಪಾಯ ಬೇಕಿಲ್ಲ. ನನಗೆ ಬೇಕಾದದ್ದು ಆ ಉಪಾಯ. ಮೊದಲ ಕಂತಿನಲ್ಲಿ ಹೋಟೆಲಿನ ಪರಿಚಾರಿಕೆ ಗೆಳತಿಯನ್ನು ಗೋಳುಹೊಯ್ದ ಗಿರಾಕಿಯ ಪಕ್ಕ ಬಂದು ಕೂತು, ಮುಗುಳ್ನಗುತ್ತಲೇ ಅವನ ಪಕ್ಕೆಗೆ ಫೋರ್ಕ್ ಒತ್ತಿ, ಇಲ್ಲಿ ಇಂಥ ರಕ್ತನಾಳವಿದೆ ಎಂದು ಮೆಲ್ಲಗೆ ವಿವರಿಸುವ ಪೆಗ್ಗಿ. ಅವಳಿಗೆ ಗುರಾಣಿ ಏಕೆ?

ಅತ್ತೆಯ ವಿಷಯ. ಅವರು ಮೊದಲೆರಡು ರಾತ್ರಿ ಅರ್ಧಕ್ಕೇ ತೂಕಡಿಸಿದರು. ಇಂಗ್ಲಿಷ್ ಮಾತು ವೇಗವಾಯಿತೆಂದು ದೂರಿದರು. ಮೂರನೆಯ ರಾತ್ರಿ ಮೊಣಕಾಲ ಮೇಲೆ ಐಸ್ ಚೀಲ ಇಟ್ಟುಕೊಂಡು ಕೂತಿದ್ದರು. ಪರದೆಯ ಮೇಲೆ ಪೆಗ್ಗಿ ಸ್ವಿಚ್‌ಬೋರ್ಡ್ ಕೋಣೆ ದಾಟಿಕೊಂಡು ಒಳಗಿನ ಕಚೇರಿಗೆ ಹೋದಳು. ಅತ್ತೆ ಮುಂದಕ್ಕೆ ಬಾಗಿದರು.

"ಸ್ವಲ್ಪ ಹಿಂದೆ ಹಾಕು."

ಹಾಕಿದೆ. ಪೆಗ್ಗಿ ಮತ್ತೊಮ್ಮೆ ನಡೆದುಹೋದಳು. ಅತ್ತೆ ಅವಳನ್ನು ನೋಡುತ್ತಿರಲಿಲ್ಲ. ಬೋರ್ಡಿನ ಮುಂದೆ ಕೂತು, ಗುಟ್ಟಿನ ಬಾಗಿಲು ಕಾಯುವ ಆಪರೇಟರನ್ನು ನೋಡುತ್ತಿದ್ದರು.

"ಕಾರ್ಡ್ ಹಾಗೆ ಹಿಡಿದರೆ ಸಂಜೆಯೊಳಗೆ ಮಣಿಕಟ್ಟು ಬಿದ್ದುಹೋಗುತ್ತದೆ" ಎಂದರು. ಆಮೇಲೆ, "ಇವಳಿಗೆ ಒಳಗಿನದ್ದೆಲ್ಲ ಗೊತ್ತು, ಅಲ್ಲವಾ?"

"ಗೊತ್ತು ಅತ್ತೆ."

"ಹೆಸರೇನು ಇವಳದ್ದು? ಇಟ್ಟಿದ್ದಾರೋ ಇಲ್ಲವೋ?"

"ಇಟ್ಟಿದ್ದಾರೆ. ರೋಸ್."

"ಹಾಗಾದರೆ ಸರಿ" ಎಂದು ಐಸ್ ಚೀಲವನ್ನು ಇನ್ನೊಂದು ಬದಿಗೆ ಸರಿಸಿಕೊಂಡರು. "ಮುಂದೆ ಹಾಕು, ನೋಡೋಣ."